ಕೀರ್ತನೆ 37, 73, 109: ದುಷ್ಟರಿಗೆ ದೇವರ ನ್ಯಾಯತೀರ್ಪು – ಪಾಠ ಮಾಡುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ವಂದನೆ. ಸತ್ಯವೇದ (ಬೈಬಲ್) ಅಧ್ಯಯನದ ಗುಂಪಿಗೆ ಈ ವಿಷಯದ ಮೇಲೆ ಪಾಠ ಸಿದ್ಧಪಡಿಸುತ್ತಿದ್ದೇನೆ. ದುಷ್ಟರು ಹುಲ್ಲಿನಂತೆ ಬೇಗ ಒಣಗಿಹೋಗುತ್ತಾರೆ ಅನ್ನುತ್ತದೆ 37ನೇ ಕೀರ್ತನೆ. 73ರಲ್ಲಾದರೋ ಅವರು ಕೊಬ್ಬಿ ಸುಖವಾಗಿರುವುದನ್ನು ಕಂಡು ಕೀರ್ತನೆಗಾರ ಆಸಾಫನಿಗೆ ಹೊಟ್ಟೆಕಿಚ್ಚು. ಎರಡನ್ನೂ ಒಟ್ಟಿಗೆ ಹೇಗೆ ಕಲಿಸುವುದು? 109ರಲ್ಲಿ ಶತ್ರುವಿನ ಮೇಲೆ ಹಾಕಿರುವ ಶಾಪಗಳನ್ನು ಗುಂಪಿನಲ್ಲಿ ಓದಬಹುದೇ?

ಉತ್ತರ 1:
37ನ್ನು ಮೊದಲು ಕೈಗೆತ್ತಿಕೊಳ್ಳಿ, ಆದರೆ ದೇವರಲ್ಲಿ ಆನಂದಿಸಿದರೆ ಆತನು ನಿನ್ನ ಬಯಕೆಗಳನ್ನು ಈಡೇರಿಸುವನು ಎನ್ನುವ 4ನೇ ವಚನವೊಂದನ್ನೇ ಕಿತ್ತು ಓದಿಸಬೇಡಿ. ಅಲ್ಲೇ ಹೆಚ್ಚಿನವರು ಎಡವುವುದು. ಇದು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಕಟ್ಟಿದ, ಜ್ಞಾನೋಕ್ತಿಗಳ ಧಾಟಿಯ ಕೀರ್ತನೆ. ವಯಸ್ಸಾದವನೊಬ್ಬ ಕಿರಿಯರಿಗೆ ಹೇಳುವ ಬುದ್ಧಿಮಾತು (ವಚನ 25). ಅದನ್ನು ಕರಾರುಪತ್ರದಂತೆ ಓದಿದರೆ ಬಡತನದಲ್ಲಿರುವ ನೀತಿವಂತನನ್ನೇ ಅನುಮಾನಿಸಬೇಕಾಗುತ್ತದೆ. ಅದೇ ಕೀರ್ತನೆಯಲ್ಲಿ ದುಷ್ಟರು ದಿಕ್ಕಿಲ್ಲದವರ ಮೇಲೆ ಕತ್ತಿ ಹಿರಿದಿದ್ದಾರೆ (14), ನೀತಿವಂತನ ಕೈಯಲ್ಲಿರುವುದು ಸ್ವಲ್ಪವೇ (16). ತೀರ್ಪು ಕೂಡಲೇ ಬರುವುದಾಗಿದ್ದರೆ 7 ಮತ್ತು 34ರಲ್ಲಿ ‘ಕಾದಿರು’ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಕಾಯುವುದೆಂದರೆ ಸುಮ್ಮನೆ ಕೂರುವುದೂ ಅಲ್ಲ: 3ರಲ್ಲಿ ಭರವಸವಿಡುವುದರ ಜೊತೆಗೇ ಒಳ್ಳೆಯದನ್ನು ಮಾಡು ಎಂದಿದೆ, 8ರಲ್ಲಿ ಕೋಪ ಬಿಡು ಎಂದಿದೆ. ಉರಿದುಕೊಳ್ಳುವುದು ಕೊನೆಗೆ ಕೆಡುಕಿಗೇ ಎಳೆಯುತ್ತದೆ ಎಂಬ ಕಾರಣವೂ ಅಲ್ಲೇ ಇದೆ.

ಉತ್ತರ 2:
73ಕ್ಕೆ ಒಂದಿಡೀ ತರಗತಿ ಕೊಡಿ. 28 ವಚನಗಳು, ತಿರುವು 17ರಲ್ಲಿ, ಆಸಾಫನು ದೇವಾಲಯಕ್ಕೆ ಹೋದಾಗ. ಮೊದಲ ಸಲ 16ರವರೆಗೆ ಮಾತ್ರ ಓದಿಸಿ ನಿಲ್ಲಿಸಿ. ಅಲ್ಲಿಯ ದೂರು ಗುಂಪಿನವರ ಬಾಯಿಗೂ ಬರಲಿ: ಮನಸ್ಸನ್ನು ಶುದ್ಧವಾಗಿಟ್ಟುಕೊಂಡದ್ದು ವ್ಯರ್ಥವೇ (13)? ಅವಸರದಿಂದ 17ಕ್ಕೆ ಹಾರಿದರೆ ಉತ್ತರ ಅಗ್ಗವಾಗುತ್ತದೆ. ಆಮೇಲೆ ಒಂದೇ ಪ್ರಶ್ನೆ ಕೇಳಿ: ದೇವಾಲಯಕ್ಕೆ ಹೋಗಿಬಂದ ಮೇಲೆ ಅವನ ಸುತ್ತ ಏನು ಬದಲಾಯಿತು? ದುಷ್ಟರು ಬಿದ್ದ ಸುದ್ದಿ ಎಲ್ಲೂ ಇಲ್ಲ. ಅವರು ನಿಂತ ನೆಲ ಜಾರುವಂಥದ್ದೆಂದು ಅವನಿಗೆ ಕಂಡಿತು (18), ತನ್ನ ಬಲಗೈಯನ್ನು ದೇವರು ಹಿಡಿದಿದ್ದಾನೆಂದು ತಿಳಿಯಿತು (23). 25–26ರಲ್ಲಿ ಅವನು ದುಷ್ಟರ ಸೊತ್ತನ್ನು ಕೇಳುವುದಿಲ್ಲ, ದೇವರೇ ತನ್ನ ಪಾಲು ಅನ್ನುತ್ತಾನೆ. 37ಕ್ಕೂ 73ಕ್ಕೂ ಜಗಳವಿಲ್ಲ. ಅಂತ್ಯ ಹೇಗೆಂದು ಎರಡೂ ಹೇಳುತ್ತವೆ, ದಿನಾಂಕವನ್ನು ಎರಡೂ ಹೇಳುವುದಿಲ್ಲ.

ಉತ್ತರ 3:
109ನ್ನು ಬಿಡಬೇಡಿ. ಕಥೋಲಿಕ ಸಭೆಯು 1971ರಲ್ಲಿ ಪರಿಷ್ಕರಿಸಿದ ದೈನಂದಿನ ಪ್ರಾರ್ಥನಾಕ್ರಮದಲ್ಲಿ 58, 83, 109ನ್ನು ಕೈಬಿಟ್ಟಿತು, ಹಾಗಾಗಿ ಹಿಂಜರಿಕೆ ಹೊಸದೇನಲ್ಲ. ಆದರೂ ಅನ್ಯಾಯಕ್ಕೆ ಸಿಕ್ಕಿ ನೊಂದವನಿಗೆ ಈ ಮಾತುಗಳು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಾಪದ ಕಾರಣವನ್ನು 16ರಲ್ಲಿ ತೋರಿಸಿ: ಆ ಮನುಷ್ಯ ಬಡವನನ್ನು ಸಾಯುವವರೆಗೆ ಅಟ್ಟಿಸಿಕೊಂಡು ಹೋದವನು. ಕೀರ್ತನೆಗಾರ ತಾನೇ ಕತ್ತಿ ಹಿಡಿಯುವುದಿಲ್ಲ, ಸಿಟ್ಟನ್ನೆಲ್ಲ ದೇವರ ಮುಂದೆ ಸುರಿದು ತೀರ್ಪನ್ನು ಅಲ್ಲೇ ಬಿಡುತ್ತಾನೆ. ರೋಮಾಪುರ 12:19 ಹೇಳುವುದೂ ಇದನ್ನೇ.

ಅಪಾಯವಿರುವುದು ಬೇರೆ ಕಡೆ. ಓದುವವರೆಲ್ಲ ತಾವೇ ನೀತಿವಂತರು, ತಮಗೆ ಆಗದವರೆಲ್ಲ ದುಷ್ಟರು ಎಂದುಕೊಂಡುಬಿಡುತ್ತಾರೆ. ಅದಕ್ಕೆ 109ಕ್ಕೆ ಮುಂಚೆ ಕೀರ್ತನೆ 7:3–5 ಓದಿಸಿ. ನ್ಯಾಯ ಬೇಡುವ ಮೊದಲು ದಾವೀದನು, ತಪ್ಪು ತನ್ನದಾಗಿದ್ದರೆ ಶತ್ರು ತನ್ನನ್ನೇ ತುಳಿಯಲಿ ಅನ್ನುತ್ತಾನೆ. 139ರಲ್ಲಿಯೂ ದುಷ್ಟರ ಮೇಲಿನ ಕಿಡಿನುಡಿಗಳ ಬೆನ್ನಿಗೇ (19–22) ತನ್ನ ಹೃದಯವನ್ನು ಪರೀಕ್ಷಿಸು ಎಂಬ ಬೇಡಿಕೆಯಿದೆ (23–24).

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಒಂದು ಕೊನೆಯ ಸಂದೇಹ: ದೇವರನ್ನು ನಂಬುವವನು ಕೋರ್ಟಿಗೆ ಹೋಗಬಾರದು ಅಂತ ಯಾರಾದರೂ ಅಂದರೆ?

ಉತ್ತರ 2:
ಕೀರ್ತನೆ 82:3–4 ತೆರೆಯಿರಿ. ದಿಕ್ಕಿಲ್ಲದವರ, ಅನಾಥರ ನ್ಯಾಯ ತೀರಿಸಿರಿ, ಬಡವರನ್ನು ದುಷ್ಟರ ಕೈಯಿಂದ ಬಿಡಿಸಿರಿ ಎಂಬ ಆಜ್ಞೆ ಅಲ್ಲಿದೆ. ದೇವರು ನ್ಯಾಯವನ್ನು ಮನುಷ್ಯರ ಮೂಲಕವೂ ನಡೆಸಬಲ್ಲನು. ಕಾನೂನಿನ ಹೆಸರಿನಲ್ಲೇ ಕೇಡು ಮಾಡುವ ಪೀಠಗಳೂ ಇವೆ ಎಂದು 94:20 ಬಲ್ಲದು, ಹಾಗಾಗಿ ತೀರ್ಪು ವಿರುದ್ಧ ಬಂದರೆ ದೇವರು ಕೈಬಿಟ್ಟನೆಂದು ಲೆಕ್ಕ ಹಾಕಬೇಕಾಗಿಲ್ಲ.