ತೋಟದ ಹೊಂಡದ ಮೇಲೆ ಬಿಳಿ ನೊರೆ, ಇದು ಕಪ್ಪೆದಾ?

ಮಲ್ನಾಡ್ ಹುಡ್ಗಿ:
ಸಾಗರದ ಹತ್ರ ನಮ್ಮ ತೋಟದ ಹೊಂಡದ ಮೇಲೆ ಬಾಗಿರೋ ಕೊಂಬೇಲಿ ಮುಷ್ಟಿ ಗಾತ್ರದ ಬಿಳಿ ನೊರೆ ಅಂಟ್ಕೊಂಡಿದೆ. ಅಜ್ಜಿ ಕಪ್ಪೆ ಗೂಡು ಅಂತಾರೆ. ಕಪ್ಪೆ ನೀರಲ್ಲಿ ತಾನೆ ಮೊಟ್ಟೆ ಇಡೋದು?

ಹಸಿರು ಕೊಡೆ:
ಅಜ್ಜಿ ಕರೆಕ್ಟು. ಮಲಬಾರ್ ಹಾರುವ ಕಪ್ಪೆದಿರ್ಬೇಕು. ಹೆಣ್ಣು ತನ್ನ ಮೈಯಿಂದ ಬರೋ ಲೋಳೇನ ಹಿಂಗಾಲಲ್ಲಿ ಕಡೆದು ಕಡೆದು ನೊರೆ ಮಾಡಿ ಅದ್ರೊಳಗೆ ಮೊಟ್ಟೆ ಇಡತ್ತೆ, ಹೊರಗೆ ಒಣಗಿದ್ರೂ ಒಳಗೆ ಪಸೆ ಇರತ್ತೆ, ಆಮೇಲೆ ಗೊದಮೊಟ್ಟೆಗಳು ಸೀದಾ ಕೆಳಗಿನ ನೀರಿಗೆ ಉದುರ್ತವೆ. ಕೊಂಬೆ ಮಾತ್ರ ಕಡೀಬೇಡಿ ಮಾರಾಯ್ರೆ.

ಶಿರಸಿ ಭಟ್ರು:
ಇದಕ್ಕಿಂತ ಮಜಾ ನಮ್ಮ ಕಡೆ ಕುಂಬಾರ ಕಪ್ಪೆದು. 2014ರಲ್ಲಷ್ಟೇ ಹೊಸ ಪ್ರಭೇದ ಅಂತ ಹೆಸರು ಸಿಕ್ಕಿದ್ದು. ಹಳ್ಳದಂಚಿನ ಕಡ್ಡಿ ಮೇಲೆ ಮೊಟ್ಟೆ ಇಟ್ಟಾದ್ಮೇಲೆ ಗಂಡು ಮುಂಗೈಯಲ್ಲಿ ಹಳ್ಳದ ಕೆಸರು ತಂದು ಮೊಟ್ಟೆಗೆಲ್ಲ ಮೆತ್ತತ್ತೆ. ಒಣಗದೇ ಇರ್ಲಿ, ಯಾರ ಕಣ್ಣಿಗೂ ಬೀಳದೇ ಇರ್ಲಿ ಅಂತಿರ್ಬೇಕು.

ರಾತ್ರಿ ಟಾರ್ಚ್:
ಪೊದೆಗಪ್ಪೆಗಳಿಗೆ ಗೊದಮೊಟ್ಟೆ ಸ್ಟೇಜೇ ಇಲ್ಲ, ಮೊಟ್ಟೆಯಿಂದ ನೇರ ಪುಟಾಣಿ ಕಪ್ಪೆನೇ ಹೊರಗೆ ಬರತ್ತೆ! ತಮಿಳ್ನಾಡಿನ ಕಲಕ್ಕಾಡು ಕಡೆ ಒಂದು ಜಾತಿ ಇದೆ, ವಾಟೆ ಬಿದಿರಿನ ಸಣ್ಣ ಸೀಳಿನಲ್ಲಿ ತೂರಿ ಗಿಣ್ಣಿನ ನಡುವಿನ ಟೊಳ್ಳಲ್ಲಿ ಮೊಟ್ಟೆ, ಕಾವಲಿಗೆ ಅಪ್ಪ.

ಮಲ್ನಾಡ್ ಹುಡ್ಗಿ:
ಅಬ್ಬಾ! ಮತ್ತೆ ಹೊಂಡದೊಳಗೆ ಕಪ್ಪು ಮಣಿ ಪೋಣಿಸಿದ ಹಾಗೆ ಉದ್ದುದ್ದ ದಾರ ಇದ್ಯಲ್ಲ ಅದು?

ಹಸಿರು ಕೊಡೆ:
ಅದು ನೆಲಗಪ್ಪೆದು, ನೀರಲ್ಲೇ ಸಾವಿರಗಟ್ಲೆ ಇಟ್ಟು ಹೊರಟೋಗತ್ತೆ, ಕಾಯೋ ಪೈಕಿ ಅಲ್ಲ.