ಕಾಲರ್ ಬೋನ್ ಮುರಿದ ಮೇಲೆ ಕೈ ಮೊದಲಿನ ಹಾಗೆ ಎತ್ತೋಕೆ ಏನು ಮಾಡಿದಿರಿ?

ಸುಂಟಿಕೊಪ್ಪದಿಂದ ಕೇಳಿದ್ದು:

ನಮ್ಮ ಮನೆಯವರಿಗೆ 46 ವರ್ಷ. ಜೂನ್ ಮಧ್ಯದಲ್ಲಿ ಮಳೆಗೆ ಕಣದ ಮೇಲೆ ಪಾಚಿ ಕಟ್ಟಿತ್ತು, ಜಾರಿ ಬಲ ಹೆಗಲ ಮೇಲೇ ಬಿದ್ದರು. ಕಾಲರ್ ಬೋನ್, ಅಂದರೆ ಕತ್ತಿನ ಬುಡದಿಂದ ಹೆಗಲವರೆಗಿನ ಎಲುಬು, ನಡುವಿನಲ್ಲಿ ಮುರಿದಿದೆ. ಆಪರೇಷನ್ ಬೇಡ, 6 ವಾರ ಸ್ಲಿಂಗ್ (ಕತ್ತಿನಿಂದ ಕೈ ತೂಗುಹಾಕೋ ಪಟ್ಟಿ) ಹಾಕಿರಲಿ, ಎಕ್ಸ್‌ರೇ ನೋಡಿ ಫಿಸಿಯೋಥೆರಪಿ ಶುರು ಮಾಡೋಣ ಅಂದಿದ್ದಾರೆ ಡಾಕ್ಟರು. ಈಗ 3 ವಾರ ಆಯ್ತು. ಇವರು ಬೆರಳು ಅಲ್ಲಾಡಿಸೋಕೂ ಹೆದರ್ತಾರೆ. ಹಗಲೂ ರಾತ್ರಿ ಆ ಕೈಯನ್ನ ಎದೆಗೆ ಅವಚಿಕೊಂಡೇ ಇರ್ತಾರೆ. ಸಕ್ಕರೆ ಕಾಯಿಲೆ ಬೇರೆ ಇದೆ. ಊರಲ್ಲಿ ಒಬ್ಬರು ನಾಟಿ ಕಟ್ಟು ಹಾಕಿಸಿ, ಎಣ್ಣೆ ಬಿಟ್ಟು ತಿಕ್ಕಿಸಿ ಅಂತಿದ್ದಾರೆ. ಡಿಸೆಂಬರ್‌ಗೆ ಕಾಫಿ ಕುಯ್ಲು, ಅಷ್ಟು ಹೊತ್ತಿಗೆ ಕೈ ಬರುತ್ತಾ? ಅನುಭವ ಇರೋರು ದಯವಿಟ್ಟು ಹೇಳಿ.

ನಾಪೋಕ್ಲು ಕಡೆಯಿಂದ:

ಅಕ್ಕಾ, ನಿಮ್ಮ ಮನೆಯವರು ಈಗ ಮಾಡ್ತಿರೋದನ್ನೇ ನಾನೂ ಮಾಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಮೂರು ವರ್ಷದ ಹಿಂದೆ, ಮೆಣಸು ಕುಯ್ಯೋ ಕಾಲ. ಏಣಿ ಸಿಲ್ವರ್ ಮರದಿಂದ ಜಾರಿತು, ಎಡ ಹೆಗಲು ಮೊದಲು ನೆಲಕ್ಕೆ ಬಿತ್ತು. ಎಲುಬು ನಡುವಿನಲ್ಲಿ ಮುರಿದಿತ್ತು, ಆಪರೇಷನ್ ಆಗಲಿಲ್ಲ. 6 ವಾರ ಸ್ಲಿಂಗ್ ಅಂದಿದ್ದರು. ನಾನು ಹೆದರಿ ಒಂಬತ್ತೂವರೆ ವಾರ ಹಾಕಿಕೊಂಡೆ. ಜಾಸ್ತಿ ದಿನ ಇಟ್ಟರೆ ಎಲುಬು ಗಟ್ಟಿಯಾಗಿ ಕೂಡುತ್ತೆ ಅನ್ನೋದು ನನ್ನ ಲೆಕ್ಕ. ನಡುವೆ ಏನು ಅಲ್ಲಾಡಿಸಬಹುದು, ಏನು ಕೂಡದು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಸ್ಲಿಂಗ್ ತೆಗೆದಾಗ ಎಕ್ಸ್‌ರೇಯಲ್ಲಿ ಎಲುಬು ಚೆನ್ನಾಗಿ ಕೂಡಿತ್ತು. ಆದರೆ ಕೈ ಅಂಗಿ ಜೇಬಿನ ಮಟ್ಟದಿಂದ ಮೇಲೆ ಏಳಲಿಲ್ಲ. ತಲೆ ಬಾಚೋಕೆ ಆಗಲಿಲ್ಲ, ಹಿಂದಿನ ಜೇಬಿಗೆ ಕೈ ಹೋಗಲಿಲ್ಲ. ಮೊಣಕೈಯೂ ಪೂರ್ತಿ ನೀಟಾಗ್ತಿರಲಿಲ್ಲ. ಎಲುಬು ಕೂಡಿದ್ದು ಎರಡು ತಿಂಗಳು ಚಿಲ್ಲರೆಯಲ್ಲಿ, ಹಿಡಿದುಕೊಂಡ ಹೆಗಲನ್ನ ಬಿಡಿಸಿಕೊಳ್ಳೋಕೆ ಆಮೇಲೆ ಐದು ತಿಂಗಳು.

ಆದ್ದರಿಂದ ನಾನು ಹೇಳೋದು ಇದು: ಎಲುಬು ತನ್ನ ಪಾಡಿಗೆ ತಾನು ಕೂಡುತ್ತೆ. ಹೆಗಲು ಹಿಡಿದುಕೊಳ್ಳದ ಹಾಗೆ ನೋಡಿಕೊಳ್ಳೋದು ಮಾತ್ರ ನಮ್ಮ ಕೈಲಿರೋದು, ಅದು ಸ್ಲಿಂಗ್ ಬಿಚ್ಚೋ ದಿನ ಶುರುವಾಗೋ ಕೆಲಸ ಅಲ್ಲ.

ಸ್ಲಿಂಗ್ ಇರೋದು ಕೈಯ ಭಾರ ಮುರಿದ ಎಲುಬಿನ ಮೇಲೆ ಜೋತು ಬೀಳದಿರಲಿ ಅಂತ. ಬೆರಳು, ಮಣಿಕಟ್ಟು ಆಡಿಸಿದರೆ ಕಾಲರ್ ಬೋನ್‌ಗೆ ಏನೂ ಆಗಲ್ಲ, ಮೊದಲ ದಿನದಿಂದಲೇ ಆಡಿಸಬಹುದಿತ್ತು ಅಂತ ನನಗೆ ಆಮೇಲೆ ಗೊತ್ತಾಯ್ತು. ಮುಷ್ಟಿ ಹಿಡಿದು ಬಿಡೋದು, ಮಣಿಕಟ್ಟು ತಿರುಗಿಸೋದು. ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ದಿಂಬು ಇಟ್ಟು, ಸ್ಲಿಂಗ್ ಸಡಿಲಿಸಿ, ಮೊಣಕೈ ಪೂರ್ತಿ ಚಾಚಿ ಮಡಚೋದು. ಇವತ್ತು ಸಂಜೆಯೇ ಪಕ್ಕದಲ್ಲಿ ಕೂತು ಮಾಡಿಸಿ. ನೀವು ಪಕ್ಕದಲ್ಲಿದ್ದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತೆ.

ಮಡಿಕೇರಿಯಲ್ಲಿ ಫಿಸಿಯೋಥೆರಪಿಗೆ ವಾರಕ್ಕೆ ಎರಡು ಸಲ ಹೋದೆ, ಒಂದು ತಿಂಗಳಾದ ಮೇಲೆ ಹದಿನೈದು ದಿನಕ್ಕೊಮ್ಮೆ. ಅಲ್ಲಿ ಕಳೆದದ್ದು ಸಲಕ್ಕೆ ಅರ್ಧ ಗಂಟೆ, ನಿಜವಾದ ಕೆಲಸ ಎಲ್ಲ ಮನೆಯಲ್ಲೇ. ಮೊದಲು ಕಲಿಸಿದ್ದು ಕೈ ತೂಗಾಡಿಸೋದು. ಒಳ್ಳೆ ಕೈಯನ್ನ ಅಡುಗೆಮನೆ ಕಟ್ಟೆಗೆ ಊರಿ, ಸೊಂಟ ಬಾಗಿಸಿ, ನೋವಿನ ಕೈಯನ್ನ ಸತ್ತ ಹಾವಿನ ಹಾಗೆ ಜೋತು ಬಿಡಬೇಕು. ಆಮೇಲೆ ಮೈಯನ್ನ ಹಿಂದೆ ಮುಂದೆ ಮಾಡಿದರೆ ಕೈ ತಾನಾಗೇ ತೂಗುತ್ತೆ. ಕೈಯ ಬಲದಿಂದ ಬೀಸಬಾರದು, ನಾನು ಮೊದಲ ವಾರ ಅದನ್ನೇ ತಪ್ಪು ಮಾಡಿದೆ. ಎರಡೆರಡು ನಿಮಿಷ, ದಿನಕ್ಕೆ ನಾಲ್ಕು ಸಲ.

ಆಮೇಲೆ ಗೋಡೆ ಹತ್ತೋದು. ಗೋಡೆಗೆ ಎದುರು ನಿಂತು ಎರಡು ಬೆರಳು ಜೇಡದ ಹಾಗೆ ಮೇಲೆ ಮೇಲೆ ನಡೆಸೋದು, ಮುಟ್ಟಿದ ಜಾಗಕ್ಕೆ ಪೆನ್ಸಿಲ್ ಗೆರೆ. ಮೊದಲ ಎರಡು ವಾರದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿಯೇ ಆಗಿತ್ತು. ಮೂರನೇ ವಾರ ಒಂದು ಬೆರಳಗಲ ಮೇಲೆ ಹೋಯ್ತು. ಅಲ್ಲಿ ನನ್ನ ಮಗ ಒಂದು ವಿಷಯ ಕಂಡುಹಿಡಿದ. ಅಪ್ಪ, ನಿಮ್ಮ ಕೈ ಏಳ್ತಿಲ್ಲ, ಹೆಗಲೇ ಕಿವಿ ಹತ್ತಿರ ಏಳ್ತಿದೆ ಅಂದ. ನಿಜ. ಕೈ ಎತ್ತೋಕೆ ಆಗದಿದ್ದಾಗ ಹೆಗಲನ್ನ ಕುಣಿಸಿ ಗೆರೆ ಮುಟ್ಟಿಸ್ತಿದ್ದೆ. ಆವತ್ತಿಂದ ಅವನು ಹಿಂದೆ ನಿಂತು ನನ್ನ ಹೆಗಲ ಮೇಲೆ ಅಂಗೈ ಇಡ್ತಿದ್ದ, ಒತ್ತೋಕಲ್ಲ, ಹೆಗಲು ಎದ್ದರೆ ನನಗೆ ಗೊತ್ತಾಗಲಿ ಅಂತ. ಗೆರೆ ಮತ್ತೆ ನಾಲ್ಕು ಬೆರಳು ಕೆಳಗಿಳಿಯಿತು, ಆದರೆ ಅಲ್ಲಿಂದ ಮೇಲಕ್ಕೆ ಹೋದದ್ದು ನಿಜವಾದ ಏರಿಕೆ. ನಿಮ್ಮ ಮನೆಯವರಿಗೆ ನೀವು ಹಾಗೆ ನಿಲ್ಲಿ.

ಇನ್ನು ನಮ್ಮ ಮಳೆಗಾಲದ ಕಷ್ಟ. ಎರಡು ಸ್ಲಿಂಗ್ ಇಟ್ಟುಕೊಳ್ಳಿ, ಒಂದು ಒಲೆ ಮೇಲಿನ ಬಿಸಿಗೆ ಒಣಗ್ತಿರಲಿ. ಒದ್ದೆ ಸ್ಲಿಂಗ್ ಕಂಕುಳಲ್ಲಿ ಕೂತರೆ ಚರ್ಮ ಬಿಳಿಚಿ ಸುಲಿಯುತ್ತೆ, ಸಕ್ಕರೆ ಇರೋರಿಗೆ ಅದು ಹುಣ್ಣಾದರೆ ಬೇಗ ಮಾಯೋದಿಲ್ಲ. ಸ್ನಾನಕ್ಕೆ ಸ್ಲಿಂಗ್ ತೆಗೆಯಬಹುದಾ ಅಂತ ಡಾಕ್ಟರನ್ನ ಕೇಳಿ. ತೆಗೆಯಬಹುದು ಅಂದರೆ, ಮುಂದೆ ಬಾಗಿ ಕೈ ಜೋತು ಬಿಟ್ಟಾಗ ಕಂಕುಳು ತಾನಾಗೇ ತೆರೆಯುತ್ತೆ, ತೊಳೆದು ಒರೆಸಿ. ಅಂಗಿ ಗುಂಡಿಯದ್ದೇ ಇರಲಿ. ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ರಾತ್ರಿ ಮಲಗೋದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಗೋಡೆಗೆ ಹಾಸಿಗೆ ಸುತ್ತಿ ಒರಗಿಕೊಂಡು ಅರ್ಧ ಕೂತಂತೆ ಮಲಗಿದೆ, ಮೊಣಕೈ ಹಿಂದಕ್ಕೆ ಜಾರದಿರಲಿ ಅಂತ ಅದರ ಕೆಳಗೆ ಒಂದು ಚಿಕ್ಕ ದಿಂಬು.

ಕಾರಿನಲ್ಲಿ ಹೋಗೋದಾದರೆ ಒಂದು ಮಾತು. ಮುರಿದದ್ದು ಬಲಗಡೆ ಅಂದಿರಿ. ಮುಂದೆ ಡ್ರೈವರ್ ಪಕ್ಕದಲ್ಲಿ ಕೂತರೆ ಸೀಟ್ ಬೆಲ್ಟ್ ಎಡ ಹೆಗಲ ಮೇಲೆ ಬರುತ್ತೆ, ಅದು ಸರಿ. ಡ್ರೈವರ್ ಹಿಂದಿನ ಸೀಟು ಬೇಡ, ಅಲ್ಲಿ ಬಲ ಹೆಗಲನ್ನೇ ಒತ್ತುತ್ತೆ. ನನ್ನದು ಎಡಗಡೆ, ನಾನು ಮುಂದೆ ಕೂತಿದ್ದೆ. ಮಡಿಕೇರಿಯವರೆಗಿನ ರಸ್ತೆಯ ಒಂದೊಂದು ಹಂಪ್‌ಗೂ ಜೀವ ಹೋಗ್ತಿತ್ತು.

ಪೊನ್ನಂಪೇಟೆಯಿಂದ:

ನನ್ನ ಮಗನಿಗೆ 22ನೇ ವಯಸ್ಸಿನಲ್ಲಿ ಹೀಗೇ ಆಯ್ತು. ನಮ್ಮ ಒಕ್ಕದವರು (ಮನೆತನದವರು) 1997ರಲ್ಲಿ ಕರಡ ಊರಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಿ ಶುರುವಾದ ವರ್ಷದಿಂದ ಆಡ್ತಿದ್ದಾರೆ, ಅವನೂ ಅಭ್ಯಾಸಕ್ಕೆ ಹೋದಾಗ ಡಿಕ್ಕಿಯಾಗಿ ಬಿದ್ದ. ಎಲುಬಿನ ತುದಿ ಚರ್ಮವನ್ನ ಒಳಗಿಂದ ಟೆಂಟಿನ ಹಾಗೆ ಎತ್ತಿ ಹಿಡಿದಿತ್ತು, ಮೇಲಿನ ಚರ್ಮ ಬಿಳಿಚಿಕೊಂಡಿತ್ತು. ಹಾಗಿದ್ದರೆ ಕಾಯೋ ಹಾಗಿಲ್ಲ, ಮೈಸೂರಿಗೆ ಕರಕೊಂಡು ಹೋಗಿ ಪ್ಲೇಟ್ ಹಾಕಿಸಿದೆವು.

ಪ್ಲೇಟ್ ಹಾಕಿಸಿದವರಿಗೆ ನಾನು ಹೇಳೋದು, ಅದು ಮೋಸ ಮಾಡುತ್ತೆ. ಹತ್ತೇ ದಿನಕ್ಕೆ ನೋವು ಹೋಗುತ್ತೆ, ಎಲ್ಲ ಸರಿಯಾಯ್ತು ಅನಿಸುತ್ತೆ. ಒಳಗೆ ಎಲುಬು ಕೂಡೋಕೆ ಬೇಕಾದಷ್ಟು ವಾರ ಬೇಕೇ ಬೇಕು, ಅಲ್ಲಿಯವರೆಗೆ ಭಾರವೆಲ್ಲ ಆ ಕಬ್ಬಿಣ, ಆ ಸ್ಕ್ರೂಗಳ ಮೇಲೆ. ಮಗ ಐದನೇ ವಾರಕ್ಕೆ ಸ್ಟಿಕ್ ಹಿಡಿಯೋಕೆ ಹೊರಟಿದ್ದ, ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ವರ್ಷದ ಟೂರ್ನಿ ತಪ್ಪಿತು, ಅತ್ತ. ನಾಲ್ಕೂವರೆ ತಿಂಗಳಿಗೆ ಎಕ್ಸ್‌ರೇ ನೋಡಿ ಡಾಕ್ಟರು ಬಿಟ್ಟರು, ಮುಂದಿನ ವರ್ಷ ಪೂರ್ತಿ ಆಡಿದ.

ಗಾಯದ ಕೆಳಗೆ ಎದೆ ಮೇಲೆ ಅಂಗೈಯಷ್ಟು ಜಾಗ ಮರಗಟ್ಟಿತ್ತು. ಹೆದರಿ ಕೇಳಿದ್ದಕ್ಕೆ, ಚರ್ಮದ ಸಣ್ಣ ನರಗಳು ಆ ಎಲುಬಿನ ಮೇಲೆಯೇ ದಾಟಿ ಹೋಗ್ತವೆ, ಕೊಯ್ಯುವಾಗ ಅವಕ್ಕೆ ತಾಗುತ್ತೆ, ಕೈಯ ಬಲಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ವರ್ಷದಲ್ಲಿ ಕಡಿಮೆಯಾಯ್ತು, ಪೂರ್ತಿ ಹೋಗಿಲ್ಲ.

ಸೋಮವಾರಪೇಟೆ ಹತ್ತಿರದಿಂದ:

ತಿಕ್ಕಿಸೋದು ಬೇಡ ಅಂತ ಹೇಳೋಕೆ ಮಾತ್ರ ಬರೀತಿದ್ದೀನಿ. ನಮ್ಮ ತಾಯಿಗೆ ಬಿಗಿಯಾಗಿ ಕಟ್ಟು ಹಾಕಿಸಿ ಮನೆಗೆ ಕರಕೊಂಡು ಬಂದೆವು. ರಾತ್ರಿ ಬೆರಳುಗಳು ಊದಿ, ಉಗುರು ನೀಲಿಯಾಗಿ, ಜುಮುಜುಮು ಅಂತಿದ್ದವು. ಬಳೆ ಕತ್ತರಿಸಿ ತೆಗೆಯಬೇಕಾಯ್ತು. ಕಟ್ಟು ಬಿಚ್ಚಿದ ಮೇಲೆ ಸರಿಯಾದರು, ಇನ್ನೊಂದು ರಾತ್ರಿ ಹಾಗೇ ಬಿಟ್ಟಿದ್ದರೆ ಏನಾಗ್ತಿತ್ತೋ. ಆ ಎಲುಬಿನ ಕೆಳಗೇ ಕೈಗೆ ಹೋಗೋ ದೊಡ್ಡ ರಕ್ತನಾಳ, ನರಗಳೆಲ್ಲ ಇವೆ. ಮುರಿದ ಜಾಗ ಎಳೆಯೋದು, ಒತ್ತಿ ತಿಕ್ಕೋದು ಬೇಡವೇ ಬೇಡ. ಕೈ ತಣ್ಣಗಾದರೆ, ಬಣ್ಣ ಬದಲಾದರೆ, ಜೋಮು ಹೆಚ್ಚಿದರೆ, ಉಸಿರಾಡೋಕೆ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ.

ವಿರಾಜಪೇಟೆಯಿಂದ, ಫಿಸಿಯೋಥೆರಪಿ ಮಾಡುವವರು:

ನಾಪೋಕ್ಲಿನವರು ಬರೆದದ್ದಕ್ಕೆ ಒಂದು ತಿದ್ದುಪಡಿ ಸೇರಿಸಬೇಕು, ಇಲ್ಲದಿದ್ದರೆ ಓದಿದವರು ನಾಳೆಯೇ ಗೋಡೆ ಹತ್ತಿಸಿಯಾರು. ಅವರು ಗೋಡೆ ಹತ್ತಿದ್ದು ಎಲುಬು ಕೂಡಿದ ಮೇಲೆ. ನಿಮ್ಮವರಿಗೆ ಇನ್ನೂ 3 ವಾರ. ಈಗ ಬೆರಳು, ಮಣಿಕಟ್ಟು, ಮೊಣಕೈ ಧಾರಾಳವಾಗಿ ಆಡಿಸಲಿ. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ ಎರಡು ಹೆಗಲ ಹಲಗೆಗಳನ್ನ ಮೆಲ್ಲಗೆ ಹಿಂದಕ್ಕೆ ಸೇರಿಸಿ ಬಿಡಲಿ, ಏಕೆಂದರೆ ಕೈ ಅವಚಿಕೊಂಡು ಕೂತವರ ಹೆಗಲು ಮುಂದಕ್ಕೆ ಬಾಗಿ ಹಾಗೇ ಉಳಿದುಬಿಡುತ್ತೆ. ಕೈ ತೂಗಾಡಿಸೋದನ್ನ ಸಾಮಾನ್ಯವಾಗಿ ಈ ಹಂತದಲ್ಲಿ ಶುರು ಮಾಡಿಸ್ತೇವೆ, ಆದರೆ ಎಕ್ಸ್‌ರೇ ನೋಡಿದ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಯೇ ಶುರು ಮಾಡಿ. ಕೈಯನ್ನ ಹೆಗಲ ಮಟ್ಟಕ್ಕಿಂತ ಮೇಲೆ ಎತ್ತೋದು ಮಾತ್ರ 6 ವಾರದ ಎಕ್ಸ್‌ರೇ ಆದ ಮೇಲೆಯೇ.

ದೊಡ್ಡವರಲ್ಲಿ ಈ ಎಲುಬು ಕೂಡೋಕೆ ಸಾಮಾನ್ಯವಾಗಿ 6ರಿಂದ 12 ವಾರ. ಆ ನಡುವೆ ಕೈಯನ್ನ ಪೂರ್ತಿ ಎತ್ತುವಷ್ಟು ಬಿಡಿಸಿಕೊಳ್ಳಬೇಕು. ಒಂದು ಕೋಲನ್ನ ಎರಡೂ ಕೈಲಿ ಹಿಡಿದು ಒಳ್ಳೆ ಕೈಯಿಂದ ನೋವಿನ ಕೈಯನ್ನ ಮೇಲೆತ್ತಿಸೋದು, ಜಂತಿಗೆ ಹಗ್ಗ ಇಳಿಬಿಟ್ಟು ಎಳೆಯೋದು ಎಲ್ಲ ಆಗ ಬರುತ್ತೆ. ಬಲ ಬರಿಸೋ ವ್ಯಾಯಾಮ, ರಬ್ಬರ್ ಪಟ್ಟಿ ಎಳೆಯೋದು ಅದರ ನಂತರ. ಈ ಕ್ರಮ ತಪ್ಪಿಸಬೇಡಿ. ಹೆಗಲು ಬಿಗಿದಿರುವಾಗ ಭಾರ ಎತ್ತಿಸಿದರೆ ಅದು ತಪ್ಪು ದಾರಿಯಲ್ಲೇ ಬಲವಾಗುತ್ತೆ.

ನೋವು ಎಷ್ಟಿರಬಹುದು ಅಂತ ಎಲ್ಲರೂ ಕೇಳ್ತಾರೆ. ಮಾಡುವಾಗ ಎಳೆತ ಅನಿಸಿ, ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಪರವಾಗಿಲ್ಲ. ರಾತ್ರಿ ನಿದ್ದೆ ಕೆಡಿಸಿದರೆ, ಮಾರನೇ ದಿನ ಕೈ ಮೊದಲಿಗಿಂತ ಕಡಿಮೆ ಎದ್ದರೆ ಅದು ಹೆಚ್ಚಾಯ್ತು ಅಂತ. ಮುರಿದ ಜಾಗದಲ್ಲೇ ಕಟಕ್ ಅಂತ ಚುಚ್ಚಿದರೆ ನಿಲ್ಲಿಸಿ, ತೋರಿಸಿ.

ಸಕ್ಕರೆ ಕಾಯಿಲೆ ಇದೆ ಅಂದಿರಿ. ಸಕ್ಕರೆ ಇರುವವರಲ್ಲಿ ಹೆಗಲು ಹಿಡಿದುಕೊಳ್ಳೋದು ಉಳಿದವರಿಗಿಂತ ಹೆಚ್ಚು, ಅದಕ್ಕೆ ಈ 3 ವಾರ ನಿಮಗೆ ತುಂಬಾ ಮುಖ್ಯ. ಸಕ್ಕರೆ ಹತೋಟಿಯಲ್ಲಿರಲಿ. ಬೀಡಿ ಸಿಗರೇಟು ಇದ್ದರೆ ಬಿಡಿಸಿ, ಎಲುಬು ಕೂಡೋದನ್ನ ಅದು ನಿಜವಾಗಿಯೂ ತಡ ಮಾಡುತ್ತೆ. ಮೊಟ್ಟೆ, ಮೀನು, ಕಾಳು ದಿನವೂ ತಿನ್ನಲಿ.

ಇನ್ನೊಂದು. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ಕೋವಿ ಪೂಜೆ ಮಾಡೋ ಕೊಡಗಿನ ಹಬ್ಬ, ಬರುತ್ತೆ, ಲೆಕ್ಕ ಹಾಕಿದರೆ ಅವರಿಗೆ ಆಗ 11 ವಾರ. ತೆಂಗಿನಕಾಯಿಗೆ ಗುಂಡು ಹೊಡೆಯೋ ಅಭ್ಯಾಸ ಇದ್ದರೆ ಈ ವರ್ಷ ಪೂಜೆಗೆ ಮಾತ್ರ ಕೋವಿ ಮುಟ್ಟಲಿ. ಕೋವಿಯ ಹಿಂದಿನ ಹಿಡಿ ಕೂರೋದು ಸರಿಯಾಗಿ ಆ ಎಲುಬಿನ ಕೆಳಗೆ, ಒದೆತವೆಲ್ಲ ಅಲ್ಲಿಗೇ. ಡಿಸೆಂಬರ್ ಅಂದರೆ ಐದೂವರೆ ತಿಂಗಳು. ಎಲ್ಲ ಸರಿ ಹೋದರೆ ಅರೇಬಿಕಾ ಹಣ್ಣು ಕುಯ್ಯೋಕೆ ತೊಂದರೆ ಇರಲಿಕ್ಕಿಲ್ಲ. 50 ಕೆಜಿ ಚೀಲ ಹೆಗಲಿಗೇರಿಸೋದು, ಏಣಿ ಹತ್ತಿ ಮೆಣಸು ಕುಯ್ಯೋದು ಬೇರೆಯ ಮಾತು. ಎರಡೂ ಕೈ ಸಮನಾಗಿ ಎದ್ದು, ಸಮನಾದ ಬಲ ಬಂದಿದೆಯೇ ಅಂತ ತೋರಿಸಿಕೊಂಡು ಆಮೇಲೆ ಹತ್ತಲಿ. ದೂರ ಹೋಗೋಕೆ ಆಗದಿದ್ದರೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ವಿಚಾರಿಸಿ. ತೋರಿಸಿಕೊಟ್ಟ ವ್ಯಾಯಾಮವನ್ನ ನಿಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳೋಕೆ ಕೇಳಿ, ಯಾರೂ ಬೇಡ ಅನ್ನಲ್ಲ.

ಸುಂಟಿಕೊಪ್ಪದಿಂದ, ಎರಡು ದಿನದ ನಂತರ:

ಎಲ್ಲರಿಗೂ ಕೈ ಮುಗೀತೀನಿ. ನಾಪೋಕ್ಲಿನ ಅಣ್ಣ ಬರೆದದ್ದನ್ನ ಇವರಿಗೆ ಪೂರ್ತಿ ಓದಿ ಹೇಳಿದೆ. ಜೇಬಿನ ಮಟ್ಟದ ವಿಷಯ ಬಂದಾಗ ಇನ್ನೊಂದು ಸಲ ಓದು ಅಂದರು. ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ ತೂಗಾಡಿಸೋದು ಶುರು ಮಾಡಿ ಅಂದರು. ಎಣ್ಣೆ ತಿಕ್ಕಿಸಲ್ಲ. ಒಂದು ಸಂಶಯ, ಮುರಿದ ಜಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟು ಕೈಗೆ ಸಿಗುತ್ತೆ. ಎಲುಬು ಸರಿಯಾಗಿ ಕೂತಿಲ್ಲ ಅಂತಲಾ?

ನಾಪೋಕ್ಲು ಕಡೆಯಿಂದ:

ನನಗೂ ಇತ್ತು ಅಕ್ಕಾ, ಈಗಲೂ ಚಿಕ್ಕದಾಗಿ ಇದೆ. ಎಲುಬು ಕೂಡುವಾಗ ಸುತ್ತ ಹೊಸ ಎಲುಬು ಬೆಳೆದು ಗಂಟು ಕಟ್ಟುತ್ತೆ, ತಿಂಗಳುಗಟ್ಟಲೆ ಮೆಲ್ಲಗೆ ಸವೆಯುತ್ತೆ, ಕೆಲವರಿಗೆ ಸ್ವಲ್ಪ ಉಳಿಯುತ್ತೆ ಅಂದಿದ್ದರು. ಚರ್ಮ ಕೆಂಪಾಗಿ ಬಿಸಿಯಾಗದೆ, ಚುಚ್ಚಿ ಎತ್ತದೆ ಇದ್ದರೆ 6 ವಾರದ ಎಕ್ಸ್‌ರೇ ದಿನ ಬೆರಳಿಟ್ಟು ತೋರಿಸಿ ಸಾಕು. ತೂಗಾಡಿಸುವಾಗ ಕಟ್ಟೆ ಒದ್ದೆ ಇಲ್ಲದ ಹಾಗೆ ನೋಡಿ, ಊರಿದ ಕೈ ಜಾರಬಾರದು. ಎಕ್ಸ್‌ರೇ ಆದ ಮೇಲೆ ಗೋಡೆಗೆ ಮೊದಲ ಗೆರೆ ಎಲ್ಲಿ ಬಿತ್ತು ಅಂತ ನನಗೆ ಖಂಡಿತ ಬರೀರಿ.