ಸಹಾಯ ಬೇಕು: ಮೊಮ್ಮಕ್ಕಳೊಂದಿಗೆ ಯೊಸೆಮಿಟಿಗೆ ಆರ್‌ವಿ ಪ್ರವಾಸ

ಎಲ್ಲರಿಗೂ ನಮಸ್ಕಾರ. ಬರುವ ಮಾರ್ಚ್‌ನಲ್ಲಿ ನಾನು ನಿವೃತ್ತನಾಗುತ್ತಿದ್ದು, ಬೇಸಿಗೆ ರಜೆಯಲ್ಲಿ ಒಂಬತ್ತು ಮತ್ತು ಐದು ವರ್ಷದ ಮೊಮ್ಮಕ್ಕಳನ್ನು ಕರೆದುಕೊಂಡು ಸ್ಯಾನ್ ಹೊಸೆಯಿಂದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಬಾಡಿಗೆ ಆರ್‌ವಿಯಲ್ಲಿ (ಒಳಗೇ ಹಾಸಿಗೆ, ಬಚ್ಚಲು ಇರುವ ಮನೆಯಂಥ ಗಾಡಿ) ಹೋಗಲು ನಾನೂ ನನ್ನ ಪತ್ನಿಯೂ ಈಗಿನಿಂದಲೇ ದಿನ ಎಣಿಸುತ್ತಿದ್ದೇವೆ. ಮೊಮ್ಮಗಳಂತೂ ಗಾಡಿಯ ಚಿತ್ರ ಬರೆದು, ಯಾರ ಹಾಸಿಗೆ ಎಲ್ಲಿ ಎಂದು ಗುರುತಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ; ನನಗೆ ದಕ್ಕಿರುವುದು ಬಚ್ಚಲಿನ ಪಕ್ಕದ ಮೂಲೆ.

ಯೊಸೆಮಿಟಿಯ ಅಪ್ಪರ್ ಪೈನ್ಸ್ ಶಿಬಿರತಾಣದಲ್ಲಿ 35 ಅಡಿ ಉದ್ದದವರೆಗಿನ ಆರ್‌ವಿಗಳಿಗೆ ಅವಕಾಶವಿದ್ದು, ನಾವು ನೋಡಿರುವುದು 25 ಅಡಿಯದಾದ್ದರಿಂದ ಆ ಚಿಂತೆಯಿಲ್ಲ. 62 ತುಂಬಿದವರಿಗೆ ಸಿಗುವ, ರಾಷ್ಟ್ರೀಯ ಉದ್ಯಾನಗಳ ಪ್ರವೇಶದ ಸೀನಿಯರ್ ಪಾಸ್ ಕೂಡ ಕೈಯಲ್ಲಿದೆ. ಆದರೆ ಆ ಶಿಬಿರತಾಣದಲ್ಲಿ ವಿದ್ಯುತ್ ಸಂಪರ್ಕವಿಲ್ಲ, ರಾತ್ರಿ ಜನರೇಟರ್ ನಡೆಸುವಂತೆಯೂ ಇಲ್ಲ; ಹೀಗಿರುವಾಗ ನನ್ನ ಪತ್ನಿಗೆ ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರಕ್ಕೆ ಗಾಡಿಯ ಬ್ಯಾಟರಿ ಮೂರು ರಾತ್ರಿ ಸಾಕಾದೀತೇ, ಪ್ರತ್ಯೇಕ ಬ್ಯಾಟರಿ ಒಯ್ಯಬೇಕೇ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಇದಕ್ಕಿಂತ ಹೆಚ್ಚಿನ ಆತಂಕ ಚಿಕ್ಕವನ ಕಾರ್ ಸೀಟಿನದು (ಗಾಡಿಯ ಆಸನಕ್ಕೆ ಬಿಗಿಯುವ ಮಕ್ಕಳ ಸುರಕ್ಷತಾ ಆಸನ). ಆರ್‌ವಿಯೊಳಗೆ ಪಕ್ಕಕ್ಕೆ ಮುಖಮಾಡಿ ಅಡ್ಡಲಾಗಿರುವ ಸೋಫಾ ಅದಕ್ಕೆ ಸಲ್ಲದು. ಊಟದ ಮೇಜಿನ ಬಳಿಯ, ಮುಂದಕ್ಕೆ ಮುಖವಿರುವ ಆಸನಕ್ಕೆ ಅದನ್ನು ಭದ್ರವಾಗಿ ಬಿಗಿದವರು ಯಾರಾದರೂ ಇದ್ದರೆ, ಗಾಡಿ ಪಡೆಯುವ ಮುನ್ನ ಬೆಲ್ಟು, ಕೊಂಡಿಗಳಲ್ಲಿ ಏನೇನು ಪರಿಶೀಲಿಸಿದಿರಿ ಎಂದು ದಯವಿಟ್ಟು ಬರೆಯಿರಿ. ಮುಂಗಡ ಕಟ್ಟುವುದನ್ನು ಅದಕ್ಕಾಗಿಯೇ ತಡೆದಿದ್ದೇನೆ.